ಮೇಲಿನ ಕ್ಯಾಂಪಿನ ಗುಂಡಿಗಳು

ಮೇಲಿನ ಕ್ಯಾಂಪ್
ಜೂನ್ 11

ಅಕ್ಕಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಕ್ಷೇಮವಾಗಿರುವುದು ಜಿಗಣೆಗಳು ಮಾತ್ರ. ಅವಕ್ಕೆ ಹೊತ್ತುಹೊತ್ತಿಗೆ ಊಟ, ವಾರವಾರವೂ ಹೊಸ ನೆಂಟರು. ಇವತ್ತು ಬೆಳಿಗ್ಗೆ ಹಲ್ಲುಜ್ಜುವಾಗ ಒಸಡಿನ ಹತ್ತಿರ ಏನೋ ಮೆತ್ತಗೆ ಸಿಕ್ಕಿತು. ಬ್ರಷ್ಷಿನ ಮೇಲೆ ಕೂತು ಬಾಯೊಳಗೇ ಬಂದಿತ್ತು. ಉಗಿದೆ, ಉಗಿದೆ, ಇನ್ನೂ ಉಗಿಯುತ್ತಲೇ ಇದ್ದೇನೆ. ನಮ್ಮ ಅಡುಗೆಯವ ಪಕ್ಕದಲ್ಲಿ ನಿಂತು ನಗುತ್ತಿದ್ದ. ಒಲೆಯ ಮುಂದೆ ಕೂತಾಗಲೂ ಮಲಗಿದಾಗಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡೇ ಇರುವ ಮನುಷ್ಯ, ಎಲ್ಲರೂ ಅವನನ್ನು ಮಫ್ಲರ್ ಅಂತಲೇ ಕರೆಯುತ್ತಾರೆ. "ಬಿಡಿ ಮೇಡಂ, ಅದಕ್ಕೂ ಬಾಯಿ ತೊಳ್ಕೋಬೇಕು ಅನ್ನಿಸಿತ್ತೇನೋ" ಅಂದ.

ನಡಿಗೆಯ ಬಗ್ಗೆ ನನ್ನ ದೂರಿಲ್ಲ. ರಸ್ತೆ ಮುಗಿಯುವಲ್ಲಿ ಜೀಪಿನಿಂದ ಇಳಿದು, ದೊಡ್ಡ ಹಳ್ಳ ದಾಟಿ, ಕೆಳಗಿನ ಊರಿನ ಹಿತ್ತಲುಗಳ ಹಿಂದಿನಿಂದ ಏರಿ, ಕಾಡು ಮುಗಿದ ಮೇಲೆ ಆ ಕತ್ತಿಯಲಗಿನಂಥ ನೆತ್ತಿಯ ಮೇಲೆ ಕಾಲಿಟ್ಟಾಗ ಈಗಲೂ ಜೀವ ಬಾಯಿಗೆ ಬರುತ್ತದೆ. ಎರಡೂ ಕಡೆ ಪ್ರಪಾತ. ಗಾಳಿ ಬೆನ್ನಿಗೆ ಕೈಯಿಟ್ಟು ನೂಕುತ್ತದೆ. ಮೋಡ ಒಂದು ಗಳಿಗೆ ಹರಿದರೆ ಕೆಳಗಿನ ಕಾಡು ಒದ್ದೆ ಕಂಬಳಿಯ ಹಾಗೆ ಮುದುರಿ ಬಿದ್ದಿರುವುದು ಕಾಣುತ್ತದೆ. ಆಗೆಲ್ಲ ನಿನ್ನ ನೆನಪಾಗುತ್ತದೆ. ಈ ದಾರಿ ಹುಡುಕಿದವಳು ನೀನು, ಸುಖಪಡುತ್ತಿರುವವಳು ನಾನು.

ಅಸಹ್ಯವೆಲ್ಲ ಶುರುವಾಗುವುದು ಕ್ಯಾಂಪ್ ತಲುಪಿದ ಮೇಲೆ. ಊಟದ ಟೆಂಟಿನಲ್ಲಿ ಸಾಲಾಗಿ ನೇತುಹಾಕಿದ ಒದ್ದೆ ಸಾಕ್ಸುಗಳು ಅನ್ನದ ಪಾತ್ರೆಗೆ ತೊಟ್ಟಿಕ್ಕುತ್ತಿರುತ್ತವೆ. ನಿನ್ನೆ ಚಾರಣಕ್ಕೆ ಬಂದ ಒಬ್ಬ ಮಹಾಶಯ ತಟ್ಟೆಯ ಪಕ್ಕದಲ್ಲೇ ಕಾಲು ಮಡಚಿಕೊಂಡು ಉಗುರು ಕತ್ತರಿಸಿದ. ಒಂದು ತುಣುಕು ಹಾರಿ ಬೇಳೆಸಾರಿಗೆ ಬಿತ್ತು. "ಸಾರಿ" ಅಂದ. ನಾನು ಯಾವ ಸಾರು ಎಂದುಕೊಂಡೆ. ಟೆಂಟುಗಳ ಒಳಗೆ ಬೂಸ್ಟು ಹಿಡಿದ ವಾಸನೆ, ಬಂಡೆಯ ಸಂದಿಯಲ್ಲೆಲ್ಲ ಒದ್ದೆ ಟಿಶ್ಯೂ. ಪ್ರಕೃತಿಯ ಮಡಿಲು ಅಂತ ಹಾಡಿಕೊಂಡು ಬರುತ್ತಾರೆ, ಆ ಮಡಿಲಲ್ಲೇ ಎಲ್ಲ ಮಾಡಿ ಹೋಗುತ್ತಾರೆ.

ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಗೊತ್ತಲ್ಲ. ಸಾಮಾನು ತರುವ ಜೀಪಿನವನ ಕೈಯಲ್ಲಿ ಉತ್ತರ ಕಳಿಸು. ಭಾವನಿಗೆ ಹೇಳು, ಈ ಸಲದ ರೈನ್‌ಕೋಟುಗಳು ಹೊರಗಿನಿಂದಲೂ ಒಳಗಿನಿಂದಲೂ ಒದ್ದೆಯಾಗುತ್ತವೆ.

ನಿನ್ನ ಒದ್ದೆ ಕೋಳಿ,
ತಂಗಿ

&nbsp;

ಆಫೀಸು
ಜೂನ್ 20

ಪುಟ್ಟೀ,

ಬ್ರಷ್ಷಿನ ಕಥೆ ಓದಿ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟೆ, ಮತ್ತೆ ಎತ್ತಲೇ ಇಲ್ಲ. ಅಸಹ್ಯವನ್ನೆಲ್ಲ ನೀನೊಬ್ಬಳೇ ಗುತ್ತಿಗೆ ಹಿಡಿದಿದ್ದೀಯ ಅಂದುಕೊಳ್ಳಬೇಡ. ನಮ್ಮ ಆಫೀಸಿನ ಕೆಳಗೆ ಟೈರಂಗಡಿ ಇದೆ ಅನ್ನುವುದು ನಿನಗೆ ಮರೆತಿರಬಹುದು, ನನ್ನ ಮೂಗಿಗೆ ಮರೆತಿಲ್ಲ. ಅದರ ಜೊತೆಗೆ ನೀವು ತೊಳೆಯಲು ಕಳಿಸುವ ಸ್ಲೀಪಿಂಗ್ ಬ್ಯಾಗುಗಳು. ಒಂದೊಂದನ್ನೂ ಬಿಚ್ಚಿ ಮೂಸಿ, ಯಾವುದು ಬಿಸಿಲಿಗೆ, ಯಾವುದು ಬಕೆಟ್ಟಿಗೆ, ಯಾವುದು ನೇರ ಕಸಕ್ಕೆ ಎಂದು ಬೇರೆ ಮಾಡುವವಳು ನಾನೇ. ಮನುಷ್ಯ ಒಂದು ಚೀಲದೊಳಗೆ ಒಂದು ರಾತ್ರಿ ಮಲಗಿ ಏನೇನು ಬಿಟ್ಟುಹೋಗಬಲ್ಲ ಎಂದು ಬರೆದರೆ ನೀನೂ ಊಟ ಬಿಡುತ್ತೀಯ.

ಬುಕಿಂಗ್ ಈ ಸಲ ಬಿಡುವಿಲ್ಲದಷ್ಟಿದೆ. ಗುಂಪುಗಳನ್ನು ದೊಡ್ಡದು ಮಾಡೋಣ ಅಂದ ನಿನ್ನ ಭಾವ, ಮಾಡಿದ್ದೇವೆ. ಹೋದ ವರ್ಷದ ದೊಡ್ಡ ದೂರು ಟಾಯ್ಲೆಟ್ಟಿನದಾಗಿತ್ತಲ್ಲ, ಗಾಳಿಮಳೆಯಲ್ಲಿ ಅಷ್ಟು ದೂರ ಹೋಗಬೇಕು ಅಂತ? ಟಾಯ್ಲೆಟ್ ಟೆಂಟುಗಳನ್ನು ಹತ್ತಿರ ತಂದಿದ್ದೇನೆ ಅಂದ. ಜನ ಈಗ ಹೊಗಳಿ ಬರೆಯುತ್ತಿದ್ದಾರೆ.

ಮಂಡಿ ಹೇಗಿದೆ ಅಂತ ಕೇಳಲಿಲ್ಲ ನೀನು. ಕೇಳದಿದ್ದದ್ದೇ ಒಳ್ಳೆಯದಾಯಿತು. ಆವತ್ತು ನೆತ್ತಿಯಿಂದ ಜಾರಿ ಬಿದ್ದ ಮೇಲೆ ಈ ಕಾಲು ಮೂರನೇ ಮಹಡಿಯನ್ನೇ ಬೆಟ್ಟ ಅಂದುಕೊಂಡಿದೆ. ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ನೀರಿನ ಟ್ಯಾಂಕುಗಳು. ಮಳೆ ಬಂದಾಗ ಮಾತ್ರ ಕಣ್ಣು ಮುಚ್ಚಿ ಕೂರುತ್ತೇನೆ.

ಒಲೆಯಜ್ಜಿ ಹೇಗಿದ್ದಾಳೆ ಬರೆ. ಮೊದಲ ಸಲ ನಾವಿಬ್ಬರು, ನಾನೂ ಅವನೂ, ಮದುವೆಗೂ ಮುಂಚೆ, ದಾರಿ ತಪ್ಪಿ ನಡುಗುತ್ತಾ ಇಳಿದಾಗ ಕೆಳಗಿನ ಊರಿನಲ್ಲಿ ಒಲೆಯ ಮುಂದೆ ಕೂರಿಸಿಕೊಂಡವಳು ಅವಳು. ನನ್ನ ಬಟ್ಟೆಯನ್ನು ತಾನೇ ಹಿಂಡಿದಳು. "ಹುಚ್ಚು ಹಿಡಿದಿದೆಯೇನೇ ನಿನಗೆ, ಮಳೇಲಿ ಬೆಟ್ಟ ಹತ್ತೋಕೆ?" ಅಂತ ಬೈದಳು. ಆಮೇಲೆ ಹಿತ್ತಲ ಹಳ್ಳಕ್ಕೆ ಕರೆದುಕೊಂಡು ಹೋದಳು. ಹೊಟ್ಟೆ ಅಡಿಯಾಗಿ ಮಲಗಿ ಕುಡಿದೆ. ಆ ನೀರಿನ ತಂಪು ಹಲ್ಲಿಗೆ ಇನ್ನೂ ಗೊತ್ತಿದೆ.

ಅಕ್ಕ

&nbsp;

ಮೇಲಿನ ಕ್ಯಾಂಪ್
ಜುಲೈ 14

ಅಕ್ಕಾ,

ಈ ಕಾಗದವನ್ನು ಊಟಕ್ಕೆ ಮುಂಚೆ ಓದಬೇಡ. ಊಟವಾದ ಮೇಲೂ ಬೇಡ.

ವಾರದಿಂದ ಮಳೆ ಹಗಲು ರಾತ್ರಿ ಒಂದೇ ಸಮ. ಟಾಯ್ಲೆಟ್ ಟೆಂಟುಗಳ ಕಡೆಯಿಂದ ವಾಸನೆ ಹೆಚ್ಚಾಗಿತ್ತು. ಗಾಳಿ ತಿರುಗಿರಬೇಕು ಎಂದು ಮೂಗು ಮುಚ್ಚಿಕೊಂಡು ಸುಮ್ಮನಿದ್ದೆ. ನಿನ್ನೆ ಗುಂಪನ್ನು ಇಳಿಸಿದ ಮೇಲೆ ಟೆಂಟುಗಳ ಹಿಂದಕ್ಕೆ ಹೋಗಿ ನೋಡಿದೆ. ಗುಂಡಿಗಳು ತುಂಬಿವೆ. ತುಂಬಿ ಉಕ್ಕಿವೆ. ಉಕ್ಕಿದ್ದು ಹುಲ್ಲಿನ ಮೇಲೆ ಹಳದಿ ಹೆಪ್ಪಿನ ಹಾಗೆ ಹರಡಿ, ಕೆಳಗೆ ಒಂದು ಕೊರಕಲು ಮಾಡಿಕೊಂಡು ಹೋಗಿದೆ. ನಾನು ಆ ಕೊರಕಲನ್ನು ಹಿಡಿದು ಇಳಿದೆ. ಬಂಡೆ ಜಾರುತ್ತಿತ್ತು, ಬೇರು ಹಿಡಿದುಕೊಂಡೆ, ಆ ಬೇರಿಗೂ ಅದೇ ಮೆತ್ತಿತ್ತು. ಇನ್ನೂ ಕೆಳಗೆ ಮರದಡಿ ನೀರಿನ ಸದ್ದು ಕೇಳಿಸಿತು. ಅದು ಹಳ್ಳದ ಹುಟ್ಟು, ಅಕ್ಕಾ. ನೀನು ಹೊಟ್ಟೆ ಅಡಿಯಾಗಿ ಮಲಗಿ ಕುಡಿದ ಹಳ್ಳ.

ಟೆಂಟುಗಳನ್ನು ಹತ್ತಿರ ತಂದದ್ದು ಅಂದರೆ ನೆತ್ತಿಯ ಆ ಕಡೆಯಿಂದ ಈ ಕಡೆಗೆ ತಂದದ್ದು. ಆ ಕಡೆಯ ಕಣಿವೆಯಲ್ಲಿ ಯಾರೂ ಇಲ್ಲ. ಈ ಕಡೆಯ ಕೆಳಗೆ ಊರಿದೆ. ನಮ್ಮ ಅಡುಗೆಗೆ ನೀರು ಬರುವುದು ಬಂಡೆಯ ಮೇಲಿನ ಒರತೆಯಿಂದ, ಪೈಪಿನಲ್ಲಿ. ಅದಕ್ಕೇ ನಮಗೆ ಯಾರಿಗೂ ಏನೂ ಆಗಿಲ್ಲ.

ಭಾವ ಇವತ್ತು ಬೆಳಿಗ್ಗೆ ಹೊಸ ಗುಂಪಿನ ಜೊತೆ ಮೇಲೆ ಬಂದರು. ಕರೆದುಕೊಂಡು ಹೋಗಿ ತೋರಿಸಿದೆ. ಕರವಸ್ತ್ರ ಮೂಗಿಗೆ ಹಿಡಿದು ದೂರದಿಂದಲೇ ನೋಡಿದರು.

"ಮಳೆಗಾಲ ಕಣಮ್ಮಾ, ಎಲ್ಲ ಕೊಚ್ಕೊಂಡ್ ಹೋಗುತ್ತೆ."

"ಎಲ್ಲಿಗೆ ಕೊಚ್ಕೊಂಡ್ ಹೋಗುತ್ತೆ ಭಾವ?"

"ಅಷ್ಟು ನೀರಲ್ಲಿ ಇದೆಷ್ಟು? ಹರಿಯೋ ನೀರು ತಾನೇ ಶುದ್ಧ ಆಗುತ್ತೆ. ಸೀಸನ್ ಮುಗೀಲಿ, ಎಲ್ಲ ಆ ಕಡೆಗೆ ಹಾಕಿಸ್ತೀನಿ."

"ಕೆಳಗಿನವರಿಗಾದ್ರೂ ಹೇಳ್ಬಾರ್ದಾ?"

"ಹೇಳಿ ಗಾಬರಿ ಮಾಡ್ಬೇಕಾ? ನೀನು ಮೊದಲಿಂದಲೂ ಹೀಗೇ, ಒಂದು ಕೂದಲು ಸಿಕ್ಕಿದ್ರೆ ಊಟದ ತಟ್ಟೇನೇ ಎಸೀತಿದ್ದೆ."

ಆಮೇಲೆ ಅಲ್ಲಿಂದ ನೇರ ಅಡುಗೆ ಟೆಂಟಿಗೆ ಬಂದು, ಕೈ ತೊಳೆದುಕೊಂಡು, ಮೊಟ್ಟೆ ಸುಲಿದು ತಿಂದರು. ಚೆನ್ನಾಗಿ ಬೆಂದಿದೆ ಎಂದು ಮಫ್ಲರ್‌ನ ಬೆನ್ನು ತಟ್ಟಿದರು. ಆ ಮೊಟ್ಟೆ ಅವರ ಬಾಯೊಳಗೆ ಹೋಗುವುದನ್ನು ನೋಡುತ್ತಾ ನಿಂತೆ. ಗುಂಡಿ ನೋಡಿ ಬರದ ವಾಂತಿ ಆಗ ಬಂತು.

ನೀನು ಮಾತಾಡು. ನಿನ್ನ ಮಾತು ಕೇಳುತ್ತಾರೆ.

ತಂಗಿ

&nbsp;

ಆಫೀಸು
ಜುಲೈ 19

ನಮ್ಮ ಧೀರ ಕ್ಯಾಂಪ್ ಲೀಡರ್‌ಗೆ,

ಜೀಪಿನಲ್ಲಿ ಸುಣ್ಣದ ಮೂಟೆ ಕಳಿಸಿದ್ದೇನೆ, ಜೊತೆಗೆ ನಿಂಬೆ ವಾಸನೆಯ ಸ್ಪ್ರೇ. ಟೆಂಟುಗಳ ಒಳಗೆ ಹೊಡೆಸು, ಗಿರಾಕಿಗಳಿಗೆ ಹಿತವಾಗಿರುತ್ತದೆ. ಗುಂಡಿಯ ಸುತ್ತ ಹಸಿರು ಬಟ್ಟೆಯ ತಡಿಕೆಯನ್ನೂ ಕಟ್ಟಿಸಿಬಿಡು. ಕಾಣದಿದ್ದರೆ ಅರ್ಧ ಸಮಸ್ಯೆ ಕಳೆದ ಹಾಗೆ.

ನಿನ್ನ ಅಕ್ಕನ ಮಂಡಿ ನೋವು ಹೆಚ್ಚಾಗಿದೆ. ಅವಳಿಗೆ ಇಂಥದ್ದನ್ನೆಲ್ಲ ಬರೆದು ನೋಯಿಸಬೇಡ. ಮನೆಯವರೇ ಆದ್ದರಿಂದ ನಿನ್ನ ಮೇಲೆ ಎಲ್ಲವನ್ನೂ ಬಿಟ್ಟಿದ್ದೇನೆ. ಆ ನಂಬಿಕೆ ಉಳಿಸಿಕೋ.

ಸದಾ ನಗುತ್ತಿರು,
ಭಾವ

&nbsp;

ಆಫೀಸು
ಜುಲೈ 22

ಪುಟ್ಟೀ,

ಕೇಳಿದೆ. ನಿನ್ನ ಭಾವ, ಗುಂಡಿಗಳನ್ನು ಆ ಕಡೆಯ ಇಳಿಜಾರಿನಲ್ಲೇ ತೋಡಿಸಿದ್ದೇನೆ, ಒಂದು ಮಾತ್ರ ಸ್ವಲ್ಪ ಈಚೆಗಿದೆ, ಹುಡುಗಿ ಹೆದರಿಕೊಂಡಿದ್ದಾಳೆ ಅಂದ. ನಗುತ್ತಲೇ ಹೇಳಿದ.

ನೀನು ಸರಿಯಾಗಿ ನೋಡಿದ್ದೀಯಾ? ಮಳೆಯಲ್ಲಿ, ಮೋಡದಲ್ಲಿ ಅಲ್ಲಿ ದಿಕ್ಕು ತಪ್ಪುತ್ತದೆ. ನನಗೇ ತಪ್ಪಿದೆ. ಚಿಕ್ಕಂದಿನಿಂದಲೂ ನಿನಗೆ ಓಕರಿಕೆ ಸ್ವಲ್ಪ ಜಾಸ್ತಿ. ತಪ್ಪು ತಿಳಿಯಬೇಡ, ಕೇಳುತ್ತಿದ್ದೇನೆ ಅಷ್ಟೆ. ಯಾವ ಕಡೆ, ಇನ್ನೊಮ್ಮೆ ನೋಡಿ ಬರೆ.

ಅಕ್ಕ

&nbsp;

ಕೆಳಗಿನ ಊರು
ಆಗಸ್ಟ್ 17

ಅಕ್ಕಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಬರೆಯಲಿಲ್ಲ ಕೂಡ. ಈಗ ಬರೆಯುತ್ತಿರುವುದು ಉತ್ತರವಲ್ಲ.

ಸ್ಪ್ರೇ ಹೊಡೆಯಲಿಲ್ಲ. ಸುಣ್ಣ ಸುರಿದೆವು, ಮಳೆ ಅದನ್ನೂ ತೊಳೆದುಕೊಂಡು ಹೋಯಿತು. ಊರಿಗೆ ಇಳಿದು ಹಳ್ಳದ ನೀರು ಕುಡಿಯಬೇಡಿ, ಕುದಿಸಿ ಎಂದು ಮನೆಮನೆಗೂ ಹೇಳಿದೆ. ಯಾಕೆ ಎಂದು ಕೇಳಿದರು. ಹೇಳಿದೆ. ಒಬ್ಬರೂ ಬೈಯಲಿಲ್ಲ, ಅದೇ ಕಷ್ಟವಾಯಿತು. ಕುದಿಸಲು ಒಣ ಸೌದೆ ಎಲ್ಲಿಂದ ತರುತ್ತಾರೆ ಈ ಮಳೆಯಲ್ಲಿ? ಅಷ್ಟರಲ್ಲಾಗಲೇ ಹಲವರಿಗೆ ಹೊಟ್ಟೆ ಕೆಟ್ಟಿತ್ತು. ಗಟ್ಟಿಮುಟ್ಟಾದವರು ಚೇತರಿಸಿಕೊಂಡರು. ಒಲೆಯಜ್ಜಿ ಹಾಸಿಗೆ ಹಿಡಿದಳು.

ಮೊನ್ನೆ ಹೊಸ ಗುಂಪನ್ನು ಎದುರುಗೊಳ್ಳಲು ಮಫ್ಲರ್ ಜೊತೆ ಊರಿಗೆ ಬಂದೆ. ಎಲ್ಲ ಗುಂಪೂ ಅಜ್ಜಿಯ ಜಗಲಿಯಲ್ಲೇ ಚಹಾಕ್ಕೆ ಕೂರುತ್ತದಲ್ಲ. ಅವರು ಕೂತಿದ್ದರು, ಒಳಗಿನಿಂದ ಸೊಸೆ ಓಡಿ ಬಂದಳು. "ಅತ್ತೆ ಮಾತಾಡ್ತಾ ಇಲ್ಲ, ಬನ್ನಿ." ಒಳಗೆ ಹೋದೆ. ಆ ಕೋಣೆಯ ವಾಸನೆಯನ್ನು ನಾನು ಬರೆಯುವುದಿಲ್ಲ. ಕಣ್ಣು ಗುಳಿಗೆ ಬಿದ್ದಿದ್ದವು, ಚರ್ಮ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಸೊಸೆಯೂ ನಾನೂ ಸೇರಿ ಒರೆಸಿ, ಬಟ್ಟೆ ಬದಲಿಸಿದೆವು. ನನಗೆ ಓಕರಿಕೆ ಬರಲಿಲ್ಲ, ಅಕ್ಕಾ. ನಿನಗೆ ಗೊತ್ತಿರಲಿ.

ಆಸ್ಪತ್ರೆಗೆ ಒಯ್ಯಬೇಕಾದರೆ ರಸ್ತೆಯವರೆಗೆ ಹೊತ್ತು ಇಳಿಸಬೇಕು, ದೊಡ್ಡ ಹಳ್ಳ ದಾಟಿಸಬೇಕು. ಹಿಂದಿನ ದಿನವೇ ಕಾಲುಸೇತುವೆ ಕೊಚ್ಚಿಹೋಗಿತ್ತು. ಗುಂಪು ಹಗ್ಗ ಹಿಡಿದುಕೊಂಡೇ ದಾಟಿ ಬಂದಿತ್ತು. ಊರಿನ ಗಂಡಸರು ಬಹಳಷ್ಟು ಜನ ಕೆಲಸಕ್ಕೆ ಹೊರಗೆ ಹೋಗಿದ್ದರು. ಗುಂಪಿನಲ್ಲಿ ತೋಳು, ತೊಡೆ ಎಲ್ಲ ಇದ್ದ ಜನ ಎಷ್ಟಿದ್ದರು! ಜಗಲಿಗೆ ಬಂದು ಕೇಳಿದೆ.

ಮೊದಲು ಮಾತಾಡಿದವನು ಎದೆಗೆ ಕ್ಯಾಮೆರಾ ಕಟ್ಟಿಕೊಂಡಿದ್ದವನು. "ನಾವು ವಾಪಸ್ ಇಳಿದ್ರೆ ಇವತ್ತು ಮೇಲೆ ತಲುಪೋಕಾಗಲ್ಲ ಅಲ್ವಾ? ನಾಳೆ ಪೀಕ್ ಮಿಸ್ ಆಗುತ್ತೆ."

"ಆಗುತ್ತೆ" ಅಂದೆ.

"ಹಾಗಿದ್ರೆ ಕೈ ಎತ್ತೋಣ. ಎಲ್ಲರೂ ರಜಾ ಹಾಕಿ ಬಂದಿದ್ದಾರೆ."

ಕೈ ಎತ್ತಿದರು, ಅಕ್ಕಾ. ಒಳಗೆ ಮುದುಕಿ ಸಾಯುತ್ತಿದ್ದಾಳೆ, ಹೊರಗೆ ಅವಳ ಲೋಟದಲ್ಲಿ ಚಹಾ ಕುಡಿಯುತ್ತಾ ಅವರು ಕೈ ಎತ್ತಿದರು. ಒಬ್ಬ ಹುಡುಗಿ ಮಾತ್ರ ನನ್ನ ಮುಖ ನೋಡಲಾಗದೆ ಬೂಟಿನ ಲೇಸು ಕಟ್ಟುತ್ತಿದ್ದಳು, ಲೇಸು ಕಟ್ಟಿಯೇ ಇತ್ತು. ಮೇಲಕ್ಕೆ ಹೋಗುವವರು ಗೆದ್ದರು. ಅವರನ್ನು ಕರೆದೊಯ್ಯುವುದಿಲ್ಲ ಎಂದು ಮಫ್ಲರ್ ತನ್ನ ಮಫ್ಲರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡ. ಅವನ ಕುತ್ತಿಗೆಯನ್ನು ನಾನು ನೋಡಿದ್ದು ಅದೇ ಮೊದಲು. ದಾರಿ ಕಾಣುತ್ತದೆ ಎಂದು ಅವರೇ ಹೊರಟರು.

ನಮ್ಮ ಜೊತೆ ಉಳಿದವರು ಇಬ್ಬರು. ಒಬ್ಬಾಕೆ ಬ್ಯಾಂಕಿನ ಹೆಂಗಸು, ನಡಿಗೆಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವಳು. ಇನ್ನೊಬ್ಬ ಶಾಲೆಯ ಡ್ರಿಲ್ ಮಾಸ್ತರು. ಟೆಂಟಿನ ಕೋಲಿಗೆ ಕಂಬಳಿ ಕಟ್ಟಿ ಅಜ್ಜಿಯನ್ನು ಮಲಗಿಸಿದೆವು. ಇಳಿಜಾರು ಕೆಸರು, ಕಾಲು ಹೂತರೆ ಬೂಟು ಅಲ್ಲೇ ಉಳಿಯುತ್ತಿತ್ತು. ಜಿಗಣೆ ಕಿತ್ತುಕೊಳ್ಳಲು ಯಾರಿಗೂ ಕೈ ಖಾಲಿ ಇರಲಿಲ್ಲ. ಹಳ್ಳದ ಹತ್ತಿರ ಬಂದಾಗ ನೀರು ಸೊಂಟಕ್ಕಿಂತ ಮೇಲಿತ್ತು, ಮಣ್ಣಿನ ಬಣ್ಣ, ಅದರೊಳಗೆ ಮರದ ದಿಮ್ಮಿಗಳು ಉರುಳುವ ಸದ್ದು. ಡ್ರಿಲ್ ಮಾಸ್ತರು ಹಗ್ಗ ಹಿಡಿದು ಮೊದಲು ಇಳಿದರು. ಆಚೆ ದಡದ ಮರಕ್ಕೆ ಇನ್ನೊಂದು ಹಗ್ಗ ಬಿಗಿದರು. ಅಜ್ಜಿಯನ್ನು ಮಫ್ಲರ್ ಬೆನ್ನಿಗೆ ಕಟ್ಟಿಕೊಂಡ. ನಾನು ಕೆಳಮಗ್ಗುಲಲ್ಲಿ ಅವನನ್ನು ಆತುಕೊಂಡು ನಡೆದೆ. ನಡುವೆ ಅವನ ಕಾಲು ತಪ್ಪಿತು. ಒಂದು ಗಳಿಗೆ ಮೂವರೂ ನೀರೊಳಗೆ. ಬಾಯಿ ತುಂಬ ಆ ನೀರು ನುಂಗಿದೆ. ಊರಿನ ಹಳ್ಳವೂ ಅದಕ್ಕೇ ಸೇರುತ್ತದಲ್ಲ, ನುಂಗುವಾಗ ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಹಿಂದಿನಿಂದ ಬ್ಯಾಂಕಿನಾಕೆ ನನ್ನ ಜುಟ್ಟು ಹಿಡಿದು ಎಳೆದಳು. "ಬಿಡಲ್ಲ, ಬಿಡಲ್ಲ" ಎಂದು ಕೂಗುತ್ತಲೇ ಇದ್ದಳು, ದಡ ಸೇರಿದ ಮೇಲೂ.

ಅಜ್ಜಿ ಬದುಕಿದ್ದಾಳೆ. ಡ್ರಿಪ್ ಹಾಕಿದ ಮೇಲೆ ಕಣ್ಣು ಬಿಟ್ಟಳು. ಡಾಕ್ಟರು ಯಾವ ನೀರು ಕುಡಿದರು ಎಂದು ಕೇಳಿದರು. ನಾನು ಸುಮ್ಮನಿದ್ದೆ. ಆ ಮೌನ ನಿನ್ನದು, ಭಾವನದು. ನಾಳೆಯಿಂದ ಅದನ್ನು ಹೊರುವುದಿಲ್ಲ.

ನೀನು ಕೇಳಿದ್ದೆ, ಯಾವ ಕಡೆ ಎಂದು. ಈ ಕಡೆ.

ತಂಗಿ

&nbsp;

ಆಫೀಸು
ಆಗಸ್ಟ್ 20

ಡಾಕ್ಟರಿಗೆ ಹೇಳಿಬಿಡು. ನಾನು ಬರುತ್ತಿದ್ದೇನೆ. ಜೀಪಿನವನಿಗೆ ನಿಲ್ಲು ಅಂದಿದ್ದೇನೆ. ಮಂಡಿಪಟ್ಟಿ, ಕೋಲು ಎರಡೂ ಇವೆ.

ಅಕ್ಕ

&nbsp;

ಕೆಳಗಿನ ಊರು
ಆಗಸ್ಟ್ 27

ನಿನಗೆ,

ನಾನು ಎಲ್ಲಿದ್ದೇನೆ ಎಂದು ನಿನಗೆ ಗೊತ್ತಾಗಿರುತ್ತದೆ. ಡಾಕ್ಟರು ಬೇಡ ಎಂದ ಕಾಲಿನಲ್ಲಿ ನೆತ್ತಿಯವರೆಗೂ ಹೋಗಿ ಬಂದೆ. ಏರುವಾಗ ತಂಗಿ ಹಿಂದಿನಿಂದ ನೂಕಿದಳು, ಇಳಿಯುವಾಗ ಬಹಳ ದೂರ ಕೂತುಕೊಂಡೇ ಜಾರಿದೆ. ನೋವಿನ ಬಗ್ಗೆ ಬರೆಯುವುದಿಲ್ಲ. ನಿನಗೆ ಅದನ್ನೊಂದು ನೆಪ ಮಾಡಿಕೊಡುವ ಮನಸ್ಸಿಲ್ಲ.

ಗುಂಡಿಗಳನ್ನು ನೋಡಿದೆ. ಒಂದಲ್ಲ, ಎಲ್ಲವೂ ಈ ಕಡೆಗೇ ಇವೆ. ಆ ಜಾಗ ನನಗೆ ಗೊತ್ತಿಲ್ಲ ಎಂದುಕೊಂಡೆಯಾ? ಮಂಡಿಯ ಮೂಳೆ ಮುರಿದದ್ದು ಅಲ್ಲೇ. ನೀನು ನನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅತ್ತದ್ದೂ ಅಲ್ಲೇ. ಅಲ್ಲೇ ತೋಡಿಸಿದ್ದೀಯ. ನಾನು ಬೆಟ್ಟ ಹತ್ತಲಾರೆ ಅನ್ನುವ ಧೈರ್ಯದ ಮೇಲೆ ನನ್ನ ಮುಖ ನೋಡಿ ನಗುತ್ತಾ ಸುಳ್ಳು ಹೇಳಿದೆ. ನಾನು ನಂಬಿದೆ, ತಂಗಿಯನ್ನು ಅನುಮಾನಿಸಿದೆ. ಆ ವಾಸನೆಗಿಂತ ನನಗೆ ಹೆಚ್ಚು ಹೇಸಿಗೆಯಾದದ್ದು ಅದು.

ಅಜ್ಜಿ ಮನೆಗೆ ಬಂದಿದ್ದಾಳೆ. ಅವಳ ಬಳಿ ಹೋಗಿ ಕೂತೆ. ಗುರುತು ಹಿಡಿದಳು. ಗೋಡೆಯ ಕಡೆಗೆ ಹೊರಳಿ ಮಲಗಿದಳು. ಎಷ್ಟು ಹೊತ್ತು ಕೂತರೂ ಈ ಕಡೆ ತಿರುಗಲಿಲ್ಲ. ಮಾತಾಡಿದ್ದು ಸೊಸೆ. "ವರ್ಷಾನುಗಟ್ಟಲೆ ನೀವು ಹೋಗ್ವಾಗ ಬರ್ವಾಗ ಕೈ ಬೀಸಿದ್ದೀವಿ ಅಮ್ಮಾ. ಚಹಾ ಕೊಟ್ಟಿದ್ದೀವಿ. ನೀವು ಮೇಲೆ ಹೋಗಿ ನಮ್ಮ ಬಾಯಿಗೇ ಕೂತ್ಬಿಟ್ರಲ್ಲಾ." ಆ ಮಾತನ್ನು ಹಾಗೇ ಬರೆದಿದ್ದೇನೆ. ನಿನಗೂ ಅದು ಸೇರಬೇಕಾದ್ದು.

ಇಲ್ಲಿ ನಡೆದದ್ದು ಇಷ್ಟು. ಕ್ಯಾಂಪ್ ಮುಚ್ಚಿದೆವು. ಮೊನ್ನೆ ಬಂದ ಗುಂಪನ್ನು ಈ ಜಗಲಿಯಲ್ಲಿ ಕೂರಿಸಿ ವಿಷಯ ಹೇಳಿ ವಾಪಸ್ ಕಳಿಸಿದೆ. ಕೆಲವರು ನನ್ನನ್ನು ಬೈದರು, ಕೆಲವರು ಸಲಿಕೆ ಕೇಳಿದರು. ಸಲಿಕೆ ಕೇಳಿದವರ ಜೊತೆ ಸೇರಿ ಗುಂಡಿಗಳ ಮೇಲ್ಗಡೆ ಅಡ್ಡ ಕಾಲುವೆ ತೋಡಿ, ಮಳೆನೀರು ಒಳನುಗ್ಗದೆ ಪಕ್ಕಕ್ಕೆ ತಿರುಗುವ ಹಾಗೆ ಮಾಡಿದ್ದೇವೆ. ಗುಂಡಿಗಳನ್ನು ಮಣ್ಣು, ಸುಣ್ಣ ಹಾಕಿ ಮುಚ್ಚಿದ್ದೇವೆ. ನಮ್ಮ ಅಡುಗೆಯ ಪೈಪನ್ನು ಕಿತ್ತು, ಒರತೆಯ ನೀರು ಊರಿನವರೆಗೆ ಬರುವಂತೆ ಎಳೆಯುತ್ತಿದ್ದೇವೆ. ಪೈಪು ಸಾಲದು. ಗೋದಾಮಿನಲ್ಲಿರುವ ಸುರುಳಿಗಳನ್ನೆಲ್ಲ ಈ ಜೀಪಿನಲ್ಲೇ ತುಂಬಿ ಕಳಿಸು. ಅದಕ್ಕೆ ನನ್ನನ್ನು ಕೇಳಬೇಡ, ಇಲ್ಲಿಗೆ ಬರಲೂ ಬೇಡ. ನಿನ್ನನ್ನು ನೋಡಿದರೆ ಸೊಸೆ ಏನು ಮಾಡುತ್ತಾಳೋ ಹೇಳಲಾರೆ. ನನ್ನನ್ನು ಒಳಗೆ ಬಿಟ್ಟದ್ದೇ ಅವಳ ದೊಡ್ಡ ಮನಸ್ಸು.

ತಂಗಿಗೆ ಜ್ವರ, ಹೊಟ್ಟೆನೋವು. ಹಳ್ಳ ದಾಟಿದ ದಿನದ್ದು. ಈಗ ಇಳಿಯುತ್ತಿದೆ. ಅವಳ ಬಕೆಟ್ಟು ಎತ್ತುತ್ತಿರುವವಳು ನಾನು. "ಓಕರಿಕೆ ಬರಲ್ವೇನೇ ನಿನಗೆ?" ಎಂದು ಕೇಳಿದಳು. ಬರುತ್ತದೆ ಅಂದೆ. ನಕ್ಕಳು. ಅಷ್ಟೇ ಮಾತಾಗಿದೆ ನಮ್ಮ ನಡುವೆ. ಉಳಿದದ್ದು ಆಗಬೇಕು.

ಡಾಕ್ಟರು ಮೇಲಿನವರಿಗೆ ವರದಿ ಕಳಿಸಿದ್ದಾರೆ. ಸೋಮವಾರ ಆರೋಗ್ಯ ಇಲಾಖೆಯವರು ನಮ್ಮ ಆಫೀಸಿಗೆ ಬಂದು ನಿನ್ನನ್ನು ಕೇಳುತ್ತಾರೆ. ಹಿಂದಿನ ದಿನದ ಬಸ್ಸಿಗೆ ನಾನು ಹೊರಡುತ್ತೇನೆ. ಆ ಮೂರನೇ ಮಹಡಿ ಹತ್ತುತ್ತೇನೆ. ಯಾರು ತೋಡಿಸಿದ್ದು, ಯಾಕೆ ತೋಡಿಸಿದ್ದು, ಯಾವಾಗಿನಿಂದ ಗೊತ್ತಿತ್ತು, ಇದ್ದದ್ದನ್ನು ಇದ್ದ ಹಾಗೆ ನೀನೇ ಹೇಳಿದರೆ ನಿನ್ನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತೇನೆ, ಬರುವುದನ್ನು ಇಬ್ಬರೂ ತಲೆ ಬಗ್ಗಿಸಿ ತೆಗೆದುಕೊಳ್ಳೋಣ. ಮತ್ತೆ ಮಳೆ, ಗಾಬರಿ, ಹುಡುಗಿ ಎಂದು ಶುರು ಮಾಡಿದೆಯೋ, ಎದ್ದು ಅವರ ಪಕ್ಕಕ್ಕೆ ಹೋಗಿ ಕೂತು ನಾನೇ ಹೇಳುತ್ತೇನೆ. ಯಾವ ಕುರ್ಚಿ ಅನ್ನುವುದು ನಿನ್ನ ಬಾಯಲ್ಲಿದೆ.

ನಾನು